ಬಾರು ಹೊಲಿಯುವವರ ಮನೆಯ ಹುಡುಗ: ಇಮ್ಯಾನುಯೆಲ್ ಕಾಂಟ್‌ನ ಬಾಲ್ಯ ಮತ್ತು ಓದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಶಾಲೆ ಕಾಲೇಜುಗಳಿಗೆ ಹೋಗಿ ಕಾಂಟ್ ಬಗ್ಗೆ ಮಾತಾಡುವುದು ನಿವೃತ್ತಿಯಾದ ಮೇಲೆ ನಾನು ಹಚ್ಚಿಕೊಂಡ ಕೆಲಸ. ನನ್ನ ಮಾತು ಮುಗಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ಎದ್ದು ನಿಂತು ಕೇಳುತ್ತಾರೆ. ಕೆಲವರು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದು ಮೆಲ್ಲಗೆ ಕೇಳುತ್ತಾರೆ. ಕೆಲವರು ಮನೆಗೆ ಕಾಗದ ಬರೆಯುತ್ತಾರೆ. ತತ್ವಕ್ಕಿಂತ ಜಾಸ್ತಿ ಅವರಿಗೆ ಬೇಕಾಗಿರುವುದು ಅವನ ಮನೆ, ಶಾಲೆ, ದುಡ್ಡು, ಗೆಳೆಯರ ವಿಷಯ. ಅದೇ ಸರಿಯಾದ ದಾರಿ ಅಂತ ನನಗೂ ಅನ್ನಿಸುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪರಿಚಯ

ಅಕ್ಕೋರೆ, ಈ ಕಾಂಟ್ ಅಂದ್ರೆ ಯಾರು? ಯಾವ ಊರವನು?

1724ರ ಏಪ್ರಿಲ್ 22ರಂದು ಕ್ಯೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿದವನು. 1804ರ ಫೆಬ್ರವರಿ 12ರಂದು ಅದೇ ಊರಲ್ಲಿ ತೀರಿಕೊಂಡ. ಆಗ ಆ ಊರು ಪ್ರಷ್ಯ ರಾಜ್ಯದ್ದು, ಜನರ ಮಾತು ಜರ್ಮನ್. ಈಗ ಅದರ ಹೆಸರು ಕಲಿನಿನ್‌ಗ್ರಾಡ್, ಇರುವುದು ರಷ್ಯದ ಕೈಯಲ್ಲಿ. ನಕ್ಷೆ ತೆಗೆದು ನೋಡಿ. ಪೋಲೆಂಡ್ ಮತ್ತು ಲಿಥುವೇನಿಯಾ ನಡುವೆ, ಬಾಲ್ಟಿಕ್ ಸಮುದ್ರದ ಅಂಚಿಗೆ, ರಷ್ಯದ ಒಂದು ತುಂಡು ಬೇರೆಯಾಗಿ ಕೂತಿದೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಈಗ ಕಾಂಟ್ ಹೆಸರನ್ನೇ ಇಟ್ಟಿದ್ದಾರೆ.

ಅವನಿಗೆ ಹೆಸರು ತಂದ ದೊಡ್ಡ ಗ್ರಂಥ, ಶುದ್ಧ ಬುದ್ಧಿಯ ವಿಮರ್ಶೆ, ಬಂದದ್ದು 1781ರಲ್ಲಿ. ಆಗ ಅವನಿಗೆ 57 ವರ್ಷ. ಈ ಪುಟದಲ್ಲಿರುವುದು ಅದಕ್ಕೂ ಮುಂಚಿನ ಕಥೆ.

ನಮ್ಮ ಕಾರವಾರದ ಹಾಗೆ ಬಂದರಾ ಅದು? ಬಂದರಿನ ಊರಲ್ಲಿ ತತ್ವಜ್ಞಾನಿ ಹುಟ್ತಾನಾ?

ಬೈತಖೋಲದ ಒಬ್ಬ ಹುಡುಗ ಇದನ್ನು ಕೇಳಿದ. ಅವನ ಅಪ್ಪ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ನನಗೆ ಬಹಳ ಖುಷಿಯಾಯಿತು.

ಹೌದು, ಬಂದರೇ. ಇಲ್ಲಿ ಕಾಳಿ ನದಿ ಸಮುದ್ರ ಸೇರುವ ಹಾಗೆ ಅಲ್ಲಿ ಪ್ರೆಗೆಲ್ ಎಂಬ ನದಿ ಊರಿನ ಮಧ್ಯೆ ಹರಿದು ಹಿನ್ನೀರಿಗೆ ಸೇರುತ್ತದೆ. ನದಿ ಮಧ್ಯೆ ನಡುಗಡ್ಡೆ, ಆಗ ಸುತ್ತ ಏಳು ಸೇತುವೆ ಇದ್ದವು. ಒಂದು ಸೇತುವೆಯನ್ನೂ ಎರಡು ಸಲ ದಾಟದೆ ಏಳನ್ನೂ ದಾಟಿ ಬರಲು ಆಗುತ್ತದಾ ಎಂಬುದು ಊರವರ ಆಟದ ಪ್ರಶ್ನೆ. ಆಗುವುದಿಲ್ಲ ಅಂತ ಗಣಿತಜ್ಞ ಆಯ್ಲರ್ 1735ರಲ್ಲಿ ತೋರಿಸಿದ. ಆಗ ಕಾಂಟ್ 11 ವರ್ಷದ ಹುಡುಗ, ಅವೇ ಸೇತುವೆಗಳ ಮೇಲೆ ಓಡಾಡಿಕೊಂಡಿದ್ದ.

ಇಂಗ್ಲಿಷ್, ಡಚ್ ವ್ಯಾಪಾರಿಗಳು, ಪೋಲಿಷರು, ಲಿಥುವೇನಿಯದವರು, ಯೆಹೂದಿಗಳು, ರಷ್ಯನ್ನರು, ಎಲ್ಲರೂ ಆ ಊರಿನಲ್ಲಿದ್ದರು. ನಮ್ಮಲ್ಲಿ ಒಂದೇ ಓಣಿಯಲ್ಲಿ ಕೊಂಕಣಿ, ಕನ್ನಡ, ಮರಾಠಿ, ಉರ್ದು ಕೇಳಿಸುತ್ತವಲ್ಲ, ಹಾಗೆ. ಕಾಂಟ್ ಜೀವನದಲ್ಲಿ ದೂರ ಪ್ರಯಾಣ ಮಾಡಲೇ ಇಲ್ಲ. ಆದರೆ 1798ರ ಒಂದು ಪುಸ್ತಕದಲ್ಲಿ ಅವನೇ ಹೇಳುತ್ತಾನೆ: ನದಿ, ಸಮುದ್ರ ವ್ಯಾಪಾರ, ವಿಶ್ವವಿದ್ಯಾಲಯ ಇರುವ ಇಂಥ ಊರಲ್ಲಿ ಕೂತೇ ಮನುಷ್ಯರನ್ನೂ ಜಗತ್ತನ್ನೂ ತಿಳಿಯಬಹುದು. ಆ ಹುಡುಗನಿಗೆ ನಾನು ಈ ಮಾತನ್ನು ಎರಡು ಸಲ ಹೇಳಿದೆ.

ಅವನ ಹೆಸರು ಎಮ್ಯಾನುಯೆಲ್ಲಾ, ಇಮ್ಯಾನುಯೆಲ್ಲಾ? ಮೂಲ ಸ್ಕಾಟ್ಲೆಂಡಿನವರಂತೆ?

ಇಟ್ಟ ಹೆಸರು ಎಮ್ಯಾನುಯೆಲ್. ಪಂಚಾಂಗದಲ್ಲಿ ಏಪ್ರಿಲ್ 22ಕ್ಕೆ ಆ ಹೆಸರಿತ್ತು, ಅದನ್ನೇ ಇಟ್ಟರು. ದೊಡ್ಡವನಾಗಿ ಹೀಬ್ರೂ ಕಲಿತ ಮೇಲೆ ಮೂಲಕ್ಕೆ ಹತ್ತಿರವಾದದ್ದು ಅಂತ ಇಮ್ಯಾನುಯೆಲ್ ಮಾಡಿಕೊಂಡ. ದೇವರು ನಮ್ಮ ಜೊತೆಗಿದ್ದಾನೆ ಅಂತ ಅರ್ಥ. ಮನೆಯಲ್ಲಿ ತಾಯಿ ಕರೆಯುತ್ತಿದ್ದದ್ದು ಮಾನೆಲ್ಖೆನ್. ನಮ್ಮಲ್ಲಿ ಪುಟ್ಟ, ತಮ್ಮ ಅನ್ನುತ್ತೇವಲ್ಲ, ಅಂಥ ಮುದ್ದಿನ ಹೆಸರು.

ಅಜ್ಜ ಸ್ಕಾಟ್ಲೆಂಡಿನಿಂದ ಬಂದವನು ಅಂತ ಕಾಂಟ್ ತಾನೇ ನಂಬಿದ್ದ. ಆಮೇಲೆ ದಾಖಲೆ ಹುಡುಕಿದವರಿಗೆ ಸಿಕ್ಕಿದ್ದು ಬೇರೆ. ಅಪ್ಪನ ಕಡೆಯವರು ಅಲ್ಲೇ ಹತ್ತಿರದ ಮೇಮೆಲ್ ಸೀಮೆಯವರು.

## ಮನೆ

ಅಪ್ಪ ಏನು ಕೆಲಸ ಮಾಡ್ತಿದ್ರು? ತುಂಬಾ ಬಡವರಾ?

ಅಪ್ಪನ ಹೆಸರು ಯೋಹಾನ್ ಗೇಯಾರ್ಗ್ ಕಾಂಟ್. ಕುದುರೆಗೆ, ಗಾಡಿಗೆ ಬೇಕಾದ ತೊಗಲಿನ ಬಾರು, ಲಗಾಮು, ಪಟ್ಟಿ ಹೊಲಿಯುವ ಕಸಬು. ನಮ್ಮ ಎತ್ತಿನ ಗಾಡಿಯ ಮಿಣಿ ನೋಡಿದವರಿಗೆ ಈ ಕೆಲಸ ಗೊತ್ತಾಗುತ್ತದೆ. ಒಂದು ಹೊಲಿಗೆ ಸಡಿಲವಾದರೆ ದಾರಿ ಮಧ್ಯೆ ಗಾಡಿ ನಿಲ್ಲುತ್ತದೆ.

ಶುರುವಿಗೆ ಹೊಟ್ಟೆ ಬಟ್ಟೆಗೆ ತೊಂದರೆ ಇರಲಿಲ್ಲ. ಆಮೇಲೆ ಇಳಿಯಿತು. ಜೀನು ಮಾಡುವವರು ಲಗಾಮು, ಬಾರುಗಳನ್ನೂ ತಾವೇ ಮಾಡಿ ಮಾರಲು ತೊಡಗಿದರು. ಎರಡು ಕಸಬಿನ ಸಂಘಗಳ ನಡುವೆ ಇದು ನಮ್ಮ ಹಕ್ಕು, ಅದು ನಿಮ್ಮದಲ್ಲ ಅಂತ ಜಗಳ ಬೆಳೆಯಿತು. ನಷ್ಟ ಆದದ್ದು ಕಾಂಟ್‌ನ ಅಪ್ಪನಿಗೆ.

ಮುದುಕನಾದ ಮೇಲೂ ಕಾಂಟ್ ಆ ಜಗಳವನ್ನು ನೆನೆಯುತ್ತಿದ್ದ. ನಷ್ಟವನ್ನಲ್ಲ, ಮನೆಯಲ್ಲಿ ಕೇಳಿಸಿದ ಮಾತನ್ನು. ಎದುರು ಪಕ್ಷದವರ ಬಗ್ಗೆ ಅಪ್ಪ ಅಮ್ಮ ಮಕ್ಕಳ ಮುಂದೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವರನ್ನು ಕ್ಷಮಿಸಿ, ಗೌರವದಿಂದಲೇ ಮಾತಾಡಿದರು. ಮೂಲೆಯಲ್ಲಿ ಕೂತ ಹುಡುಗ ಅದನ್ನು ಜೀವನಪೂರ್ತಿ ಮರೆಯಲಿಲ್ಲ. ಹಿರಿಯರು ಮಕ್ಕಳ ಎದುರು ದಾಯಾದಿಗಳ ಬಗ್ಗೆ ಆಡುವ ಮಾತಿನ ವಿಷಯ ಬಂದಾಗೆಲ್ಲ ನಾನು ಈ ಕಥೆ ಹೇಳುತ್ತೇನೆ.

ತಾಯಿ ಬಗ್ಗೆ ಹೇಳಿ. ಓದಿದವರಾ ಅವರು?

ಆನಾ ರೆಗೀನಾ. ತವರೂ ಬಾರು ಹೊಲಿಯುವವರದ್ದೇ. ಆ ಕಾಲದ ಕಸಬುದಾರರ ಮನೆಯ ಹೆಣ್ಣುಮಕ್ಕಳಿಗೆ ಹೋಲಿಸಿದರೆ ಆಕೆಗೆ ಓದು ಬರಹ ಚೆನ್ನಾಗಿ ಬರುತ್ತಿತ್ತು. ಮಗನನ್ನು ಊರ ಹೊರಗೆ ಕರೆದುಕೊಂಡು ಹೋಗುತ್ತಿದ್ದಳು. ಇದು ಯಾವ ಗಿಡ, ಯಾವುದಕ್ಕೆ ಬರುತ್ತದೆ ಅಂತ ತೋರಿಸುತ್ತಿದ್ದಳು. ಆಕಾಶದ ಬಗ್ಗೆ ತನಗೆ ತಿಳಿದಷ್ಟನ್ನು ಹೇಳುತ್ತಿದ್ದಳು.

ಶಿರಸಿ ಕಡೆಯ ಆಯಿಯರು ತೋಟಕ್ಕೆ ಹೋಗುವಾಗ ಇದು ಒಂದೆಲಗ, ತಂಬುಳಿಗೆ ಬರ್ತದೆ ಅಂತ ಮಕ್ಕಳಿಗೆ ತೋರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೆ ಪಾಠ ಅನ್ನುವ ಹೆಸರು ಯಾರೂ ಕೊಡುವುದಿಲ್ಲ. ಕಾಂಟ್ ಕೊಟ್ಟ. ತನ್ನೊಳಗೆ ಒಳ್ಳೆಯದರ ಮೊದಲ ಬೀಜ ಬಿತ್ತಿ ಬೆಳೆಸಿದವಳು ತಾಯಿ, ಪ್ರಕೃತಿಗೆ ಮನಸ್ಸು ತೆರೆದವಳು ಆಕೆ, ಆಕೆಯನ್ನು ಎಂದೂ ಮರೆಯುವುದಿಲ್ಲ ಅಂತ ತನ್ನ ಶಿಷ್ಯ ಯಾಖ್‌ಮನ್‌ಗೆ ಹೇಳಿದ.

ಆಕೆ ತೀರಿಕೊಂಡದ್ದು 1737ರ ಡಿಸೆಂಬರಿನಲ್ಲಿ, 40ನೇ ವಯಸ್ಸಿಗೆ. ಮಗನಿಗೆ 13. ಜ್ವರ ಬಂದ ಗೆಳತಿಯ ಆರೈಕೆಗೆ ಹೋಗಿದ್ದಳಂತೆ. ಕಹಿ ಅಂತ ಗೆಳತಿ ಔಷಧ ಕುಡಿಯಲು ಒಪ್ಪಲಿಲ್ಲ. ನೋಡು, ಏನೂ ಆಗುವುದಿಲ್ಲ ಅಂತ ತೋರಿಸಲು ಅದೇ ಚಮಚದಲ್ಲಿ ತಾನೊಂದು ಗುಟುಕು ಕುಡಿದಳು. ಸ್ವಲ್ಪ ದಿನದಲ್ಲಿ ತಾನೇ ಮಲಗಿದಳು, ಏಳಲಿಲ್ಲ. ಇದು ಕಾಂಟ್ ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದ ಆಪ್ತನಿಗೆ ಹೇಳಿದ ಕಥೆ. ಅರವತ್ತು ವರ್ಷ ಕಳೆದರೂ ಆ ಚಮಚ ಅವನ ಕಣ್ಣ ಮುಂದೆ ಇತ್ತು.

ಅವನ ಅಕ್ಕ ತಂಗಿಯರು ಯಾಕೆ ಓದಲಿಲ್ಲ ಅಕ್ಕೋರೆ?

ಕುಮಟಾದ ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿದಳು. ಆಮೇಲೆ ಹೋದಲ್ಲೆಲ್ಲ ಯಾರಾದರೂ ಒಬ್ಬಳು ಕೇಳುತ್ತಾಳೆ. ಕೇಳಲೇಬೇಕಾದ ಪ್ರಶ್ನೆ.

ಒಟ್ಟು ಒಂಬತ್ತು ಮಕ್ಕಳು, ಕೆಲವರು ಚಿಕ್ಕವರಿರುವಾಗಲೇ ತೀರಿಕೊಂಡರು. ತಮ್ಮ ಯೋಹಾನ್ ಹೈನ್ರಿಖ್ ಓದಿದ, ಮೇಷ್ಟ್ರಾದ, ಆಮೇಲೆ ಪಾದ್ರಿಯಾದ. ಅಕ್ಕ ತಂಗಿಯರು ಬೇರೆಯವರ ಮನೆಗೆಲಸಕ್ಕೆ ಹೋದರು, ಕಸಬುದಾರರನ್ನು ಮದುವೆಯಾದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲೇ ಇರಲಿಲ್ಲ. ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಕಾಂಟ್ ಅವರಿಗೂ ಅವರ ಮಕ್ಕಳಿಗೂ ಹಣ ಕಳಿಸುತ್ತಿದ್ದ. ಕೊನೆಗಾಲದಲ್ಲಿ ಅವನ ಹಾಸಿಗೆ ಪಕ್ಕ ಕೂತು ನೋಡಿಕೊಂಡವಳು ಒಬ್ಬ ತಂಗಿ.

ಇಲ್ಲಿ ನನಗೆ ಕಾಂಟ್ ಮೇಲೆ ಬೇಸರವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಪುಸ್ತಕದಲ್ಲಿ ಅವನು ಫ್ರಾನ್ಸಿನ ಎಮಿಲಿ ದ್ಯು ಶಾತಲೆ ಎಂಬ ವಿದ್ವಾಂಸೆಯ ವಾದವನ್ನು ಗಂಭೀರವಾಗಿ ಎದುರು ಹಾಕಿಕೊಂಡು ಚರ್ಚಿಸಿದ. 1764ರಲ್ಲಿ ಅದೇ ಮನುಷ್ಯ, ಇಂಥ ಓದಿದ ಹೆಂಗಸರು ಗಡ್ಡವನ್ನೂ ಬಿಟ್ಟುಕೊಳ್ಳಬಹುದು ಅಂತ ಬರೆದ. ಆಕಾಶ ತೋರಿಸಿದವಳು ಒಬ್ಬ ಹೆಂಗಸು ಅಲ್ವಾ! ಅವನ ಬಗ್ಗೆ ಮಾತಾಡುವಾಗ ಈ ಮಾತನ್ನೂ ಹೇಳಬೇಕು.

## ಶಾಲೆ

ಬಡವರ ಮಗ ಅಷ್ಟು ದೊಡ್ಡ ಶಾಲೆಗೆ ಹೋಗಿದ್ದು ಹೇಗೆ?

ಒಬ್ಬರು ಗಮನಿಸಿದರು. ಅಷ್ಟೇ ಉತ್ತರ, ಆದರೆ ಸಣ್ಣ ಉತ್ತರವಲ್ಲ.

ಮೊದಲು ಕಾಂಟ್ ಹೋಗುತ್ತಿದ್ದದ್ದು ಮನೆ ಹತ್ತಿರದ ಒಂದು ಸಣ್ಣ ಶಾಲೆಗೆ. ಓದು, ಬರಹ, ಲೆಕ್ಕ, ದೇವರ ಪಾಠ, ಅಷ್ಟು. ಅಲ್ಲೇ ಮುಗಿಸಿ ಅಪ್ಪನ ಜೊತೆ ತೊಗಲು ಹಿಡಿದು ಕೂರಬಹುದಿತ್ತು. ಆಗ ಊರಿಗೆ ಫ್ರಾಂಜ್ ಆಲ್ಬರ್ಟ್ ಷುಲ್ಟ್ಸ್ ಎಂಬ ಪಾದ್ರಿ ಬಂದರು. ಅವರ ಬೈಬಲ್ ಪಾಠಕ್ಕೆ ತಾಯಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಳು. ಅವರೂ ಮನೆಗೆ ಬಂದು ಹೋಗುತ್ತಿದ್ದರು. ಈ ಹುಡುಗನನ್ನು ಓದಿಸಿ ಅಂತ ಅಪ್ಪ ಅಮ್ಮನಿಗೆ ಹೇಳಿದವರು ಅವರೇ. 1732ರಲ್ಲಿ ಎಂಟು ವರ್ಷದ ಕಾಂಟ್ ಕೊಲೀಜಿಯಂ ಫ್ರಿಡೆರಿಸಿಯಾನಂ ಎಂಬ ದೊಡ್ಡ ಶಾಲೆ ಸೇರಿದ. ಮರುವರ್ಷ ಷುಲ್ಟ್ಸ್ ಅದೇ ಶಾಲೆಯ ಮುಖ್ಯಸ್ಥರಾದರು.

ಅಲ್ಲಿ ಉಳಿದು ಓದುವ ಮಕ್ಕಳಿದ್ದರು. ಕಾಂಟ್ ಮನೆಯಿಂದಲೇ ಹೋಗಿ ಬರುತ್ತಿದ್ದ, ಹಾಗಾಗಿ ಖರ್ಚು ಕಡಿಮೆ. ಷುಲ್ಟ್ಸ್ ಬರೀ ಬುದ್ಧಿಮಾತು ಹೇಳಿ ಸುಮ್ಮನಾಗಲಿಲ್ಲ. ಆ ಮನೆಗೆ ಒಲೆಯ ಕಟ್ಟಿಗೆ ಕಳಿಸುತ್ತಿದ್ದರು. ನದಿಯೇ ಹೆಪ್ಪುಗಟ್ಟುವ ಚಳಿಯ ಊರು ಅದು. ಕಟ್ಟಿಗೆ ಇದ್ದರೆ ಮಾತ್ರ ಮನೆಯೊಳಗೆ ಹುಡುಗ ಪುಸ್ತಕ ಬಿಡಿಸಬಹುದು.

ಶಾಲೆಯಲ್ಲಿ ಏನು ಕಲಿಸ್ತಿದ್ರು? ಸೈನ್ಸ್ ಇತ್ತಾ?

ಲ್ಯಾಟಿನ್, ಲ್ಯಾಟಿನ್, ಮತ್ತೆ ಲ್ಯಾಟಿನ್. ಬೆಳಿಗ್ಗೆ 7ರಿಂದ 11, ಮಧ್ಯಾಹ್ನ 1ರಿಂದ 4, ವಾರಕ್ಕೆ ಆರು ದಿನ. ಗ್ರೀಕ್, ಹೀಬ್ರೂ, ಫ್ರೆಂಚ್, ದೇವರ ಪಾಠ, ಸ್ವಲ್ಪ ಗಣಿತ. ಈಗ ನಾವು ಸೈನ್ಸ್ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಒಂದು ಒಳ್ಳೆಯ ಪದ್ಧತಿ ಮಾತ್ರ ಇತ್ತು. ಒಂದೊಂದು ವಿಷಯಕ್ಕೆ ಒಂದೊಂದು ತರಗತಿ. ಲ್ಯಾಟಿನ್‌ನಲ್ಲಿ ಚುರುಕಿದ್ದವನು ಅದರಲ್ಲಿ ಮೇಲಿನ ತರಗತಿಗೆ ಹೋಗಬಹುದು, ಗಣಿತದಲ್ಲಿ ಕೆಳಗೇ ಇರಬಹುದು.

ಹೈಡನ್‌ರೈಖ್ ಎಂಬ ಲ್ಯಾಟಿನ್ ಮೇಷ್ಟ್ರು ಕಾಂಟ್‌ಗೆ ಬಹಳ ಇಷ್ಟ. ಅವರಿಂದ ಹಳೆಯ ರೋಮನ್ ಕವಿಗಳ ರುಚಿ ಹತ್ತಿತು. ಅದರಲ್ಲೂ ಲುಕ್ರೇಶಿಯಸ್. ಮುಪ್ಪಿನಲ್ಲೂ ಉದ್ದುದ್ದ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಅಮರಕೋಶ ಬಾಯಿಪಾಠ ಮಾಡಿದ ಅಜ್ಜಂದಿರನ್ನು ಕಂಡವರಿಗೆ ಇದು ಹೇಗೆ ಅಂತ ಹೇಳಿಕೊಡಬೇಕಿಲ್ಲ.

ಅವನಿಗೆ ಶಾಲೆ ಇಷ್ಟವೇ ಇರಲಿಲ್ಲವಂತೆ, ಹೌದಾ?

ಹೌದು. ಆ ದಿನಗಳನ್ನು ನೆನೆದರೆ ಭಯವಾಗುತ್ತದೆ, ಅದು ಬಾಲ್ಯದ ಗುಲಾಮಗಿರಿ ಅಂತ ಅವನು ಹೇಳಿದ್ದನ್ನು ಗೆಳೆಯ ಹಿಪೆಲ್ ಬರೆದಿಟ್ಟಿದ್ದಾನೆ.

ಪೆಟ್ಟು ಬೈಗುಳಕ್ಕಿಂತ ಅವನನ್ನು ಹಿಂಡಿದ್ದು ಇನ್ನೊಂದು. ಆ ಶಾಲೆ ಪಯಟಿಸಂ ಎಂಬ ಭಕ್ತಿ ಪಂಥದ್ದು. ಪೂಜೆ ಪದ್ಧತಿಗಿಂತ ಎದೆಯೊಳಗಿನ ಪಶ್ಚಾತ್ತಾಪ ಮುಖ್ಯ ಅನ್ನುವವರು. ಕೇಳಲು ಚೆಂದ. ಆದರೆ ಶಾಲೆಯಲ್ಲಿ ಅದು ಹೇಗೆ ನಡೆಯಿತು ನೋಡಿ. ಚರ್ಚಿನ ದೊಡ್ಡ ವಿಧಿಗೆ ಮುಂಚೆ ಪ್ರತಿ ಹುಡುಗ ತನ್ನ ಆತ್ಮದ ಸ್ಥಿತಿ ಹೇಗಿದೆ ಅಂತ ಬರೆದು ಮೇಲಿನವರಿಗೆ ಒಪ್ಪಿಸಬೇಕು. ಹತ್ತು ಹನ್ನೆರಡು ವರ್ಷದ ಮಗು! ಮನಸ್ಸಿನಲ್ಲಿ ಇಲ್ಲದ್ದನ್ನು ಇದೆ ಅಂತ ಬರೆಯುವುದನ್ನು ಕಲಿಸಿದ ಹಾಗಾಯಿತು.

ಮನೆಯಲ್ಲಿ ಇದೇ ಪಂಥ ಅವನಿಗೆ ಶಾಂತವಾಗಿ, ನಿಜವಾಗಿ ಕಂಡಿತ್ತು. ಅಪ್ಪ ಅಮ್ಮನ ಭಕ್ತಿಯನ್ನು ಅವನು ಕೊನೆಯವರೆಗೂ ಗೌರವಿಸಿದ. ಶಾಲೆಯದ್ದನ್ನು ಗೌರವಿಸಲಿಲ್ಲ. ಈ ವ್ಯತ್ಯಾಸ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೆಳೆಯರು ಇದ್ರಾ, ಅಥವಾ ಒಬ್ಬನೇ ಪುಸ್ತಕ ಹಿಡ್ಕೊಂಡು ಕೂತಿರ್ತಿದ್ನಾ?

ಇದ್ದರು. ರುಂಕೆನ್ ಮತ್ತು ಕುಂಡೆ. ಮೂವರೂ ಸೇರಿ ರೋಮನ್ ಕವಿಗಳನ್ನು ಓದುತ್ತಿದ್ದರು. ದೊಡ್ಡವರಾಗಿ ಲ್ಯಾಟಿನ್ ಪುಸ್ತಕ ಬರೆಯಬೇಕು, ಮೇಲೆ ಕಾಂಟಿಯಸ್, ರುಂಕೇನಿಯಸ್, ಕುಂಡೇಯಸ್ ಅಂತ ಹೆಸರು ಹಾಕಬೇಕು ಅಂತ ಲೆಕ್ಕ ಹಾಕಿದ್ದರು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕಾವ್ಯನಾಮ ಬರೆದು ನೋಡದ ಹುಡುಗರು ಯಾರಿದ್ದಾರೆ ಹೇಳಿ? ರುಂಕೆನ್ ನಿಜವಾಗಿಯೂ ಆ ಹೆಸರಿನಲ್ಲೇ ಹಾಲೆಂಡಿನ ಲೈಡನ್‌ನಲ್ಲಿ ದೊಡ್ಡ ವಿದ್ವಾಂಸನಾದ. ಕುಂಡೆ ಶಾಲಾ ಮೇಷ್ಟ್ರಾಗಿ ಉಳಿದ.

ಗಣಿತ, ತರ್ಕದ ಪಾಠದ ಬಗ್ಗೆ ಕಾಂಟ್ ಆಮೇಲೆ ಕುಂಡೆಗೆ ಹೇಳಿದನಂತೆ: ನಮ್ಮೊಳಗಿದ್ದ ಕಿಡಿಯನ್ನು ಆ ಮೇಷ್ಟ್ರುಗಳು ಉರಿಸಲಾರದೆ ಹೋದರು. ಕುಂಡೆ ಅಂದ: ಊದಿ ಆರಿಸುವುದು ಮಾತ್ರ ಅವರಿಂದ ಆಗುತ್ತಿತ್ತು. ರುಂಕೆನ್‌ನ ಅಭಿಪ್ರಾಯ ಅಷ್ಟು ಕಠಿಣವಲ್ಲ. 1771ರಲ್ಲಿ ಕಾಂಟ್‌ಗೆ ಬರೆದ ಕಾಗದದಲ್ಲಿ, ಆ ಶಿಸ್ತು ಗಂಟುಮುಖದ್ದೇ ಆದರೂ ಉಪಯೋಗಕ್ಕೆ ಬಂತು, ಪಶ್ಚಾತ್ತಾಪ ಪಡುವಂಥದ್ದಲ್ಲ ಅಂತ ನೆನೆದ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಿಗೆ ಒಂದೇ ಶಾಲೆ ಬೇರೆ ಬೇರೆಯಾಗಿ ನೆನಪಿದೆ.

## ವಿಶ್ವವಿದ್ಯಾಲಯ

16ಕ್ಕೇ ಕಾಲೇಜಾ? ಏನು ತಗೊಂಡಿದ್ದ? ಆರ್ಟ್ಸಾ ಸೈನ್ಸಾ?

1740ರ ಸೆಪ್ಟೆಂಬರಿನಲ್ಲಿ ಊರಿನದೇ ವಿಶ್ವವಿದ್ಯಾಲಯ ಸೇರಿದ. 1544ರಲ್ಲಿ ಶುರುವಾದದ್ದು ಅದು. ಆರ್ಟ್ಸ್, ಸೈನ್ಸ್ ಅಂತ ಗೋಡೆ ಇರಲಿಲ್ಲ. ದೇವತಾಶಾಸ್ತ್ರ, ಕಾನೂನು, ವೈದ್ಯ, ತತ್ವಶಾಸ್ತ್ರ ಅಂತ ನಾಲ್ಕು ವಿಭಾಗ. ಭೌತಶಾಸ್ತ್ರ, ಗಣಿತ ಎಲ್ಲ ತತ್ವಶಾಸ್ತ್ರದ ಒಳಗೇ.

ಕಾಂಟ್ ಇಬ್ಬರು ಗೆಳೆಯರ ಜೊತೆ ಷುಲ್ಟ್ಸ್ ಅವರ ದೇವತಾಶಾಸ್ತ್ರದ ಪಾಠಕ್ಕೂ ಹೋಗುತ್ತಿದ್ದ. ಕೊನೆಗೊಂದು ದಿನ, ನೀವು ಮೂವರೂ ಮುಂದೆ ಏನಾಗುತ್ತೀರಿ ಅಂತ ಅವರು ಕೇಳಿದರು. ಕಾಂಟ್ ಹೇಳಿದ್ದು: ವೈದ್ಯ. ಹಾಗಾದರೆ ಈ ಪಾಠಕ್ಕೆ ಯಾಕೆ ಬಂದೆ? ತಿಳಿಯುವ ಆಸೆಯಿಂದ ಅಂದ. ಪರೀಕ್ಷೆಗೆ ಬರುತ್ತದಾ ಅಂತ ಕೇಳುವ ನಮ್ಮ ಮಕ್ಕಳಿಗೆ ನಾನು ಈ ಉತ್ತರವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಊಟ, ಬಟ್ಟೆ, ರೂಮು, ಖರ್ಚು ಹೇಗೆ ತೂಗಿಸಿದ?

ನಮ್ಮ ಹಿರಿಯರಿಗೆ ವಾರಾನ್ನ ಗೊತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹಾಗೆ ಉಂಡು ಓದಿದ ಮಾಣಿಗಳು ಮುಂದೆ ಮಾಸ್ತರರಾದರು, ವಕೀಲರಾದರು. ಕಾಂಟ್ ಬದುಕಿದ್ದು ಹೆಚ್ಚು ಕಡಿಮೆ ಹೀಗೆ.

ವ್ಲೋಮರ್ ಎಂಬ ಗೆಳೆಯ ತನ್ನ ಕೋಣೆಯಲ್ಲಿ ಬಾಡಿಗೆ ಇಲ್ಲದೆ ಇಟ್ಟುಕೊಂಡ. ಚಮ್ಮಾರಿಕೆಯಲ್ಲಿ ಚೆನ್ನಾಗಿದ್ದ ರಿಖ್ಟರ್ ಎಂಬ ಸೋದರ ಸಂಬಂಧದ ಹಿರಿಯ ದುಡ್ಡು ಕೊಟ್ಟ. ಹಿಂದುಳಿದ ಸಹಪಾಠಿಗಳಿಗೆ ಕಾಂಟ್ ಪಾಠ ಹೇಳಿಕೊಡುತ್ತಿದ್ದ. ಅವರು ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದ. ಕೆಲವರು ಕಾಫಿ, ಬಿಳಿ ಬ್ರೆಡ್ಡು ಕೊಡುತ್ತಿದ್ದರು. ಕೋಟೋ ಬೂಟೋ ರಿಪೇರಿಗೆ ಹೋದರೆ ಒಬ್ಬ ಗೆಳೆಯ ತನ್ನದನ್ನು ಬಿಚ್ಚಿ ಕೊಟ್ಟು, ಇದು ವಾಪಸ್ ಬರುವ ತನಕ ಮನೆಯಲ್ಲೇ ಕೂರುತ್ತಿದ್ದ. ಆ ಗೆಳೆಯನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕೋಟಿಲ್ಲದೆ ಚಳಿಯಲ್ಲಿ ಕೂತಿದ್ದಾನೆ, ಕಾಂಟ್ ಕ್ಲಾಸಿಗೆ ಹೋಗಿದ್ದಾನೆ.

ಬಿಲಿಯರ್ಡ್ಸ್ ಆಡಿಯೂ ಸಂಪಾದಿಸಿದ, ಅದೂ ನಿಜ. ಮೂವರು ಗೆಳೆಯರೂ ಎಷ್ಟು ಗೆದ್ದರೆಂದರೆ ಇವರ ಜೊತೆ ಆಡುವವರೇ ಸಿಗದಾದರು. ಆಮೇಲೆ ಇಸ್ಪೀಟಿಗೆ ಇಳಿದರು.

ಅವನ ಗುರು ಯಾರು? ಯಾರಿಂದ ತಲೆ ತಿರುಗಿತು?

ಮಾರ್ಟಿನ್ ಕ್ನುಟ್ಸೆನ್. 1713ರಲ್ಲಿ ಹುಟ್ಟಿದವರು, ಶಿಷ್ಯನಿಗಿಂತ ಸುಮಾರು 10 ವರ್ಷವಷ್ಟೇ ದೊಡ್ಡವರು. 21ನೇ ವಯಸ್ಸಿಗೇ ಪ್ರಾಧ್ಯಾಪಕರಾದರು. ತತ್ವಶಾಸ್ತ್ರ, ಗಣಿತ, ಖಗೋಳ ಎಲ್ಲವನ್ನೂ ಒಟ್ಟಿಗೆ ಕಲಿಸುತ್ತಿದ್ದರು.

1744ರಲ್ಲಿ ಒಂದು ಧೂಮಕೇತು ಬರುತ್ತದೆ ಅಂತ ಅವರು ಕೆಲವು ವರ್ಷ ಮುಂಚೆಯೇ ಹೇಳಿದ್ದರು. ಆ ವರ್ಷ ನಿಜವಾಗಿಯೂ ಬಾಲ ಹರಡಿಕೊಂಡು ದೊಡ್ಡ ಧೂಮಕೇತು ಬಂತು. ಊರೆಲ್ಲ ಅವರ ಹೆಸರು. ಅವರು ಲೆಕ್ಕ ಹಾಕಿದ್ದು ಈ ಧೂಮಕೇತುವನ್ನಲ್ಲ ಅಂತ ಆಯ್ಲರ್ ಆಮೇಲೆ ತೋರಿಸಿದ. ಇರಲಿ. 20 ತುಂಬದ ಹುಡುಗನೊಬ್ಬ ತಲೆ ಎತ್ತಿ ಆಕಾಶ ನೋಡಿದ, ಪಕ್ಕದಲ್ಲಿ ಅದನ್ನು ವಿವರಿಸುವ ಗುರು ಇದ್ದರು. ಅದು ನಡೆದೇ ಹೋಗಿತ್ತು.

ಕ್ನುಟ್ಸೆನ್ ಮಾಡಿದ ದೊಡ್ಡ ಕೆಲಸ ಇನ್ನೊಂದು. ತಮ್ಮ ಕಪಾಟಿನಿಂದ ನ್ಯೂಟನ್‌ನ ಪುಸ್ತಕ ತೆಗೆದು ಕಾಂಟ್ ಕೈಗೆ ಕೊಟ್ಟರು. ಇಷ್ಟವಾಗುತ್ತದಾ ನೋಡು ಅಂದರು. ಇಷ್ಟವಾಯಿತು. ಆಮೇಲೆ ಬೇಕಾದ್ದನ್ನೆಲ್ಲ ಕೊಡುತ್ತಾ ಹೋದರು. ನಾನು ಓದಿದ ಶಾಲೆಯಲ್ಲಿ ಗಾಜಿನ ಕಪಾಟು ಇತ್ತು, ಒಳಗೆ ಪುಸ್ತಕಗಳ ಬೆನ್ನು ಕಾಣುತ್ತಿತ್ತು, ಹೊರಗೆ ಬೀಗ. ಹರಿದರೆ ಯಾರು ಜವಾಬ್ದಾರಿ ಅನ್ನುತ್ತಿದ್ದರು. ಏಳು ವರ್ಷ ಆ ಬೆನ್ನುಗಳನ್ನೇ ಓದಿದೆ. ಕ್ನುಟ್ಸೆನ್ ಕಥೆ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಡಿಗ್ರಿ ಮುಗಿಸದೆ ಊರು ಬಿಟ್ಟನಂತೆ, ಯಾಕೆ?

ಅಪ್ಪನಿಗೆ 1744ರ ಕೊನೆಗೆ ಲಕ್ವ ಹೊಡೆಯಿತು. 1746ರ ಮಾರ್ಚ್ 24ರಂದು ತೀರಿಕೊಂಡರು. ಮನೆಯ ಬೈಬಲ್ಲಿನಲ್ಲಿ ಕಾಂಟ್ ಬರೆದಿಟ್ಟ: ಮಧ್ಯಾಹ್ನ ಮೂರೂವರೆಗೆ ನನ್ನ ಪ್ರೀತಿಯ ಅಪ್ಪ ಹೋದರು, ಈ ಬದುಕಿನಲ್ಲಿ ಅವರಿಗೆ ಹೆಚ್ಚು ಸುಖ ಕೊಡದ ದೇವರು ಇನ್ನಾದರೂ ಎಂದೂ ಮುಗಿಯದ ಸುಖ ಕೊಡಲಿ. ಅಷ್ಟೇ ಬರೆದದ್ದು. ಅವನಿಗೆ ಆಗಿನ್ನೂ 22 ತುಂಬಿರಲಿಲ್ಲ. ಮನೆಯಲ್ಲಿ ದೊಡ್ಡ ಗಂಡುಮಗ ಅವನೇ. ದುಡಿಯಬೇಕಿತ್ತು.

ಅದೇ ವರ್ಷ ಮೊದಲ ಪುಸ್ತಕ ಬರೆದು ಒಪ್ಪಿಸಿದ. ಚಲಿಸುವ ವಸ್ತುವಿನ ಬಲವನ್ನು ಅಳೆಯುವುದು ಹೇಗೆ ಎಂಬ ಬಗ್ಗೆ. ಲ್ಯಾಟಿನ್‌ನಲ್ಲಲ್ಲ, ಜರ್ಮನ್‌ನಲ್ಲಿ. ಅಚ್ಚಿಗೆ ದುಡ್ಡು ಕೊಟ್ಟದ್ದು ಅದೇ ಚಮ್ಮಾರ ರಿಖ್ಟರ್. ಅಚ್ಚಾಗಿ ಹೊರಬಂದದ್ದು 1749ರಲ್ಲಿ. ಕುರಿಮಂದೆಯ ಹಾಗೆ ಮುಂದಿನವರ ಹಿಂದೆ ಹೋಗಬೇಡಿ ಎಂಬ ರೋಮನ್ ತತ್ವಜ್ಞಾನಿ ಸೆನೆಕನ ಮಾತು ಅದರ ಮೊದಲಲ್ಲಿದೆ. ನನ್ನ ದಾರಿಯನ್ನು ನಾನು ಗುರುತು ಮಾಡಿಕೊಂಡಿದ್ದೇನೆ, ಹೊರಡುತ್ತೇನೆ, ಯಾವುದೂ ನನ್ನನ್ನು ತಡೆಯದು ಅಂತ ಮುನ್ನುಡಿಯಲ್ಲಿ ಬರೆದ. ಪುಸ್ತಕದ ವಾದ ನಿಲ್ಲಲಿಲ್ಲ. ಆ ಪ್ರಶ್ನೆಯನ್ನು ಫ್ರಾನ್ಸಿನ ಗಣಿತಜ್ಞ ಡಲಾಂಬೇರ್ 1743ರಲ್ಲೇ ಬಿಡಿಸಿಬಿಟ್ಟಿದ್ದ. ಲೆಸಿಂಗ್ ಎಂಬ ಕವಿ, ಎಲ್ಲ ಬಲ ಅಳೆದವನು ತನ್ನ ಬಲ ಅಳೆಯಲಿಲ್ಲ ಅಂತ ಹಾಸ್ಯ ಮಾಡಿದ. ಮೊದಲ ಪುಸ್ತಕಕ್ಕೆ ಪೆಟ್ಟು ತಿಂದ ಬರಹಗಾರರು ಇದನ್ನು ಓದಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

## ಓದು ಮುಗಿದ ಮೇಲೆ

ಮನೆಪಾಠ ಹೇಳಿ ಎಷ್ಟು ವರ್ಷ ಕಳೆದ?

ಸುಮಾರು ಆರು ವರ್ಷ. ಮೊದಲು ಯುಡ್ಚೆನ್ ಹಳ್ಳಿಯ ಪಾದ್ರಿಯ ಮಕ್ಕಳಿಗೆ, ಆಮೇಲೆ ಫಾನ್ ಹ್ಯುಲ್ಸೆನ್ ಎಂಬ ಜಮೀನ್ದಾರರ ಮಕ್ಕಳಿಗೆ. ಆ ಎರಡನೇ ಊರೇ ಅವನು ಜೀವನದಲ್ಲಿ ಹೋದ ಅತಿ ದೂರದ ಜಾಗ. ಕಾರವಾರದಿಂದ ಹೊರಟು ಘಟ್ಟ ಹತ್ತಿ ಶಿರಸಿ ತಲುಪಿದಷ್ಟು, ಹೆಚ್ಚು ಕಡಿಮೆ. ಒಳ್ಳೆಯ ಸಿದ್ಧಾಂತ ಇಟ್ಟುಕೊಂಡು ಇಷ್ಟು ಕೆಟ್ಟದಾಗಿ ಕಲಿಸಿದ ಮನೆಪಾಠದ ಮೇಷ್ಟ್ರು ಇನ್ನೊಬ್ಬ ಇರಲಿಕ್ಕಿಲ್ಲ ಅಂತ ತನ್ನ ಬಗ್ಗೆ ತಾನೇ ಹೇಳಿಕೊಂಡ. ಆ ಮನೆಯವರು ಮಾತ್ರ ಆಮೇಲೂ ಅವನನ್ನು ಪ್ರೀತಿಯಿಂದ ನೆನೆದರು.

ನಂಗೆ 29. ಇನ್ನೂ ಕಾಯಂ ಕೆಲಸ ಇಲ್ಲ. ಕಾಂಟ್ ಯಾವಾಗ ಸೆಟ್ಲ್ ಆದ?

ಈ ಕಾಗದ ಸಿದ್ದಾಪುರದಿಂದ ಬಂತು. ಹೆಸರು ಹಾಕಬೇಡಿ ಅಂತ ಬರೆದಿದ್ದರು. ನೇರವಾಗಿ ವರ್ಷ ಹೇಳುತ್ತೇನೆ.

30ನೇ ವಯಸ್ಸಿಗೆ ಊರಿಗೆ ವಾಪಸ್. 31ಕ್ಕೆ, 1755ರ ಜೂನ್ 12ರಂದು, ಬೆಂಕಿಯ ಬಗ್ಗೆ ಬರೆದ ಲ್ಯಾಟಿನ್ ಪ್ರಬಂಧಕ್ಕೆ ಡಿಗ್ರಿ. ಸೆಪ್ಟೆಂಬರ್ 27ರಂದು ಪಾಠ ಹೇಳುವ ಹಕ್ಕಿಗಾಗಿ ಇನ್ನೊಂದು ಪ್ರಬಂಧ. ಅದನ್ನು ಎಲ್ಲರ ಎದುರು ನಿಂತು ವಾದಿಸಿ ಉಳಿಸಿಕೊಳ್ಳಬೇಕು. ನಮ್ಮ ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಎತ್ತಿದ ಪ್ರಶ್ನೆಗೆ ಅಲ್ಲೇ ಕೂತು ಉತ್ತರ ಕೊಡಬೇಕಲ್ಲ, ಅದೇ ರೀತಿ. ಭಾಷೆ ಮಾತ್ರ ಲ್ಯಾಟಿನ್.

ಮೊದಲ ಪಾಠದ ದಿನ ಮನೆಯ ಹಾಲ್, ಅಂಗಳದ ಕೋಣೆ, ಮೆಟ್ಟಿಲವರೆಗೂ ವಿದ್ಯಾರ್ಥಿಗಳು ತುಂಬಿದ್ದರು. ಕಾಂಟ್ ಗಲಿಬಿಲಿಗೊಂಡ. ದನಿ ಇನ್ನೂ ಸಣ್ಣದಾಯಿತು, ಹೇಳಿದ್ದನ್ನೇ ಹಲವು ಸಲ ತಿದ್ದಿಕೊಂಡ. ಅಲ್ಲಿ ಕೂತಿದ್ದ ಬೊರೋವ್‌ಸ್ಕಿ ಎಂಬ ವಿದ್ಯಾರ್ಥಿ ಇದನ್ನು ಬರೆದಿಟ್ಟಿದ್ದಾನೆ. ಮುಂದಿನ ಪಾಠದ ಹೊತ್ತಿಗೆ ಎಲ್ಲ ಸರಿಯಾಯಿತಂತೆ.

ಆದರೆ ಅದು ಸಂಬಳದ ಕೆಲಸವಲ್ಲ. ವಿದ್ಯಾರ್ಥಿಗಳು ಕೊಟ್ಟ ಫೀಯೇ ಆದಾಯ. ಕೆಲವು ವರ್ಷ ವಾರಕ್ಕೆ 20 ಗಂಟೆಗೂ ಮೇಲೆ ಪಾಠ. ಅದೇ 1755ರಲ್ಲಿ ಸೂರ್ಯಮಂಡಲ ಧೂಳು ಮೋಡದಿಂದ ಹುಟ್ಟಿತು, ಆಕಾಶಗಂಗೆಯಂಥ ನಕ್ಷತ್ರ ಗುಂಪುಗಳು ಇನ್ನೂ ಇವೆ ಅಂತ ಒಂದು ಅದ್ಭುತ ಪುಸ್ತಕ ಬರೆದ. ಪ್ರಕಾಶಕ ದಿವಾಳಿಯಾದ, ಪುಸ್ತಕ ಜನರ ಕೈಗೆ ಸರಿಯಾಗಿ ತಲುಪಲೇ ಇಲ್ಲ. 1758ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ, ಇನ್ನೊಬ್ಬರಿಗೆ ಹೋಯಿತು. 1764ರಲ್ಲಿ ಕಾವ್ಯದ ಪ್ರಾಧ್ಯಾಪಕನಾಗು ಅಂದರು, ಅದು ನನ್ನ ವಿಷಯವಲ್ಲ ಅಂತ ಬಿಟ್ಟ. 1766ರಲ್ಲಿ ಅರಮನೆಯ ಲೈಬ್ರರಿಯಲ್ಲಿ ಸಹಾಯಕ, ವರ್ಷಕ್ಕೆ 62 ಥಾಲರ್ (ಆಗಿನ ಬೆಳ್ಳಿ ನಾಣ್ಯ). ಅವನ ಮೊದಲ ಕಾಯಂ ಸಂಬಳ ಅದೇ. ಆಗ 42ರ ಹತ್ತಿರ. ಪ್ರಾಧ್ಯಾಪಕನಾದದ್ದು 1770ರಲ್ಲಿ, 46 ತುಂಬುವ ಹೊತ್ತಿಗೆ.

ಈ ಮಧ್ಯೆ ಅವನ ಕೋಟು ಸವೆದು ಹೋಗಿತ್ತು. ಗೆಳೆಯರು ಹೊಸದು ಹೊಲಿಸಿಕೊಡುತ್ತೇವೆ ಅಂದರು. ಬೇಡ ಅಂದ. ಕಾಯಿಲೆ ಬಿದ್ದರೆ ಇರಲಿ ಅಂತ 20 ಚಿನ್ನದ ನಾಣ್ಯ ತೆಗೆದಿಟ್ಟಿದ್ದ, ಅದನ್ನು ಮುಟ್ಟಲಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಅವನ ಸಿದ್ಧಾಂತದಲ್ಲಿ ಬಾಲ್ಯ ಎಲ್ಲಿ ಕಾಣ್ತದೆ? ಸುಮ್ನೆ ಕಥೆ ಹೇಳ್ತೀರಾ ಅಥವಾ ನಿಜವಾಗಿ ಸಂಬಂಧ ಇದೆಯಾ?

ಇದೆ ಅಂತ ನಾನು ನಂಬುತ್ತೇನೆ. ಆದರೆ ಅಳತೆ ಮೀರಿ ಎಳೆಯಬಾರದು.

ಕಾಂಟ್‌ನ ನೀತಿ ಸಿದ್ಧಾಂತದ ಮೂಲ ಇದು: ಕೆಲಸದ ಬೆಲೆ ಅದರ ಫಲದಲ್ಲಿಲ್ಲ, ಮಾಡಿದವರ ಮನಸ್ಸಿನ ಸಂಕಲ್ಪದಲ್ಲಿದೆ. ಒಳಗಿನದೇ ಮುಖ್ಯ ಅನ್ನುವ ಈ ಮಾತು ಅಪ್ಪ ಅಮ್ಮನ ಪಂಥದ ದನಿಯೇ. ಆದರೆ ಒಳಗನ್ನು ಹೊರಗಿನವರು ತೆರೆದು ಪರೀಕ್ಷಿಸುವುದನ್ನು ಅವನು ಒಪ್ಪಲಿಲ್ಲ. ದೇವರಿಗೋ ಮೇಲಿನವರಿಗೋ ಹೆದರಿ ಒಳ್ಳೆಯವರಾಗುವುದು ಒಳ್ಳೆಯತನವೇ ಅಲ್ಲ ಅಂದ. ನಿಯಮ ನನ್ನದೇ ವಿವೇಕದಿಂದ ಬರಬೇಕು. ಮನೆಯಿಂದ ಬಂದದ್ದನ್ನು ಇಟ್ಟುಕೊಂಡು ಶಾಲೆಯಿಂದ ಬಂದದ್ದನ್ನು ತಳ್ಳಿದ ಹಾಗಿದೆ ಇದು.

ತಲೆ ಮೇಲಿನ ನಕ್ಷತ್ರದ ಆಕಾಶ, ನನ್ನೊಳಗಿನ ನೀತಿಯ ನಿಯಮ, ಈ ಎರಡು ಮನಸ್ಸನ್ನು ಬೆರಗಿನಿಂದ ತುಂಬುತ್ತವೆ ಎಂಬ ಅವನ ಪ್ರಸಿದ್ಧ ಮಾತು 1788ರದ್ದು. ದೇವಗಡ ನಡುಗಡ್ಡೆಯ ದೀಪ ಮಿನುಗುವ ರಾತ್ರಿ ಕಾರವಾರದ ಕೋಡಿಬಾಗದ ದಂಡೆಯಲ್ಲಿ ನಿಂತಾಗ ನನಗೆ ಆ ಮಾತಿನ ಹಿಂದೆ ಕೈ ಚಾಚಿ ತೋರಿಸುವ ತಾಯಿ ಕಾಣುತ್ತಾಳೆ.

ಕಾಂಟ್ ಹೇಳಿದ್ದು ನಮ್ಮ ಶಂಕರಾಚಾರ್ಯರ ಮಾಯೆಯೇ ಅಲ್ವಾ?

ಶಿರಸಿ ಕಡೆಯ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ. ಹೋಲಿಕೆ ಇದೆ. ನಮಗೆ ತೋರುವ ಜಗತ್ತು ಬೇರೆ, ವಸ್ತು ತಾನಾಗಿ ಇರುವುದು ಬೇರೆ ಅಂತ ಇಬ್ಬರೂ ಅನ್ನುತ್ತಾರೆ. ಆದರೆ ಶಂಕರರಿಗೆ ಆ ನಿಜವನ್ನು ಅರಿಯುವುದೇ ಗುರಿ, ಅರಿತರೆ ಬಿಡುಗಡೆ. ಕಾಂಟ್‌ಗೆ ಅದು ನಮ್ಮ ಅರಿವಿಗೆ ಸಿಗುವುದೇ ಇಲ್ಲ. ತೋರುವ ಜಗತ್ತೂ ಅವನಿಗೆ ಭ್ರಮೆಯಲ್ಲ, ನ್ಯೂಟನ್‌ನ ನಿಯಮಗಳು ಗಟ್ಟಿಯಾಗಿ ನಿಲ್ಲುವ ಜಾಗ ಅದೇ. ಕ್ನುಟ್ಸೆನ್ ಕಪಾಟಿನ ಪುಸ್ತಕ ಓದಿದವನು ಅದನ್ನು ಬಿಟ್ಟುಕೊಡುವುದಾದರೂ ಹೇಗೆ?

ಕೊನೆಗೆ ಅವನು ಎಂಥ ಮೇಷ್ಟ್ರಾದ? ತನಗೆ ಕಲಿಸಿದ ಹಾಗೇ ಕಲಿಸಿದನಾ?

ಶಾಲೆಯವರ ಹಾಗೆ ಅಲ್ಲ. 1765ರಲ್ಲಿ ತನ್ನ ಪಾಠಗಳ ಬಗ್ಗೆ ಹೊರಡಿಸಿದ ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಬರೆದ: ವಿದ್ಯಾರ್ಥಿ ಕಲಿಯಬೇಕಾದದ್ದು ವಿಚಾರಗಳನ್ನಲ್ಲ, ವಿಚಾರ ಮಾಡುವುದನ್ನು. ಅವನನ್ನು ಹೊತ್ತುಕೊಂಡು ಹೋಗಬಾರದು, ದಾರಿ ತೋರಿಸಬೇಕು. 1784ರಲ್ಲಿ, ನಿನ್ನ ಬುದ್ಧಿಯನ್ನು ನೀನೇ ಬಳಸುವ ಧೈರ್ಯ ಮಾಡು ಅಂತ ಎಲ್ಲರಿಗೂ ಹೇಳಿದ ಮಾತು ಇದರ ಮುಂದುವರಿಕೆ.

1762ರಲ್ಲಿ ಮೋರುಂಗನ್ ಎಂಬ ಸಣ್ಣ ಊರಿನಿಂದ 18 ತುಂಬುತ್ತಿದ್ದ ಹುಡುಗನೊಬ್ಬ ಕ್ಯೋನಿಗ್ಸ್‌ಬರ್ಗಿಗೆ ಬಂದ. ಕಾಂಟ್ ಮನೆಪಾಠ ಹೇಳಿದ ಆ ಜಮೀನ್ದಾರರ ಸೀಮೆಯವನೇ. ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರು, ಕೈಯಲ್ಲಿ ದುಡ್ಡಿಲ್ಲ. ಹೆಸರು ಯೋಹಾನ್ ಗಾಟ್‌ಫ್ರೀಡ್ ಹರ್ಡರ್. ಆಗ ಕಾಂಟ್‌ಗೆ ಸಂಬಳವಿಲ್ಲ, ಬಾಡಿಗೆ ಕೋಣೆ, ಒಬ್ಬೊಬ್ಬ ವಿದ್ಯಾರ್ಥಿಯ ಫೀ ಮೇಲೆ ಅವನ ಊಟ ನಿಂತಿತ್ತು. ಹರ್ಡರ್‌ನಿಂದ ಒಂದು ಕಾಸು ತೆಗೆದುಕೊಳ್ಳಲಿಲ್ಲ. ಎಲ್ಲ ಪಾಠಕ್ಕೂ ಬಂದು ಕೂರು ಅಂದ.

ಮುಂದೆ ಇಬ್ಬರ ದಾರಿ ಬೇರೆಯಾಯಿತು, ಬರಹದಲ್ಲಿ ಜಗಳವೂ ಆಯಿತು. ಆದರೂ 30 ವರ್ಷದ ನಂತರ, 1790ರ ದಶಕದಲ್ಲಿ, ಹರ್ಡರ್ ಆ ತರಗತಿಯನ್ನು ನೆನೆದು ಬರೆದ. ಒಬ್ಬ ತತ್ವಜ್ಞಾನಿಯನ್ನು ಹತ್ತಿರದಿಂದ ಬಲ್ಲ ಭಾಗ್ಯ ನನ್ನದಾಗಿತ್ತು, ಅವನು ನನ್ನ ಗುರು, ಸ್ವಂತವಾಗಿ ಯೋಚಿಸು ಅಂತ ಪ್ರೀತಿಯಿಂದ ಒತ್ತಾಯ ಮಾಡುತ್ತಿದ್ದ ಅಂತ.